450 ಲೀಟರ್ ಟ್ಯಾಂಕು, ಕಮ್ಮಿ ಬಜೆಟ್ಟು: ಇಲ್ಲಿವರೆಗೆ ಏನೇನಾಯ್ತು

ಅಂತೂ ಮೀನಿನ ಟ್ಯಾಂಕ್ ಮನೆಗೆ ಬಂತು. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, 12 ಎಂಎಂ ಗ್ಲಾಸು, ಸೆಕೆಂಡ್ ಹ್ಯಾಂಡ್. ಬೆಂಗಳೂರು ಬಿಟ್ಟು ಹೋಗೋರು ಮನೆ ಖಾಲಿ ಮಾಡೋ ಕೊನೆ ವಾರದಲ್ಲಿ ಇಂಥದ್ದನ್ನ ಬಂದಷ್ಟಕ್ಕೆ ಕೊಟ್ಬಿಡ್ತಾರೆ, ಯಾಕಂದ್ರೆ ನೀರಿಲ್ದೆ ಬರೀ ಗ್ಲಾಸೇ ಹತ್ರ ಹತ್ರ 90 ಕೆಜಿ, ಪ್ಯಾಕರ್ಸ್‌ನೋರು ನೋಡಿದ ತಕ್ಷಣ ಕೈ ಮುಗೀತಾರೆ. 6 ಸಾವಿರಕ್ಕೆ ಮಾತಾಯ್ತು. ಟೆಂಪೋ ಬಾಡಿಗೆ ಬೇರೆ, ಎತ್ತಕ್ಕೆ ಬಂದ ಹುಡುಗ್ರಿಗೆ ಬಿರಿಯಾನಿ ಬೇರೆ.

ದೊಡ್ಡ ಟ್ಯಾಂಕ್ ಅಂದ್ರೆ ಎಲ್ರೂ ಗ್ಲಾಸ್ ರೇಟೇ ಕೇಳ್ತಾರೆ. ನನ್ ಲೆಕ್ಕದಲ್ಲಿ ಗ್ಲಾಸ್ ದೊಡ್ಡ ಖರ್ಚೇ ಅಲ್ಲ, ಭಾರ ಹೊರೋ ಸ್ಟ್ಯಾಂಡು, ನೀರು, ಕರೆಂಟು, ದುಡ್ಡು ಹೋಗೋದು ಈ ಮೂರಕ್ಕೆ. ಉಳಿಸೋದಿದ್ರೆ ಉಳಿದಿದ್ರಲ್ಲಿ ಉಳಿಸ್ಬೇಕು.

ಭಾರದ ವಿಷ್ಯ ಮೊದ್ಲು. ನೀರು, ಗ್ಲಾಸು, ಮರಳು, ಕಲ್ಲು, ಸ್ಟ್ಯಾಂಡು ಎಲ್ಲಾ ಸೇರಿದ್ರೆ 600 ಕೆಜಿ ದಾಟತ್ತೆ, ಅದೂ ಮುಕ್ಕಾಲು ಚದರ ಮೀಟರ್ ಜಾಗದಲ್ಲಿ. ಮನೆ ಸ್ಲ್ಯಾಬ್‌ನ ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆಜಿ ಲೋಡ್ ಲೆಕ್ಕ ಹಿಡಿದು ಡಿಸೈನ್ ಮಾಡಿರ್ತಾರೆ. ಹಾಗಂತ ಟ್ಯಾಂಕ್ ಇಟ್ಟ ತಕ್ಷಣ ಕುಸಿದುಬೀಳತ್ತೆ ಅಂತಲ್ಲ, ಆ ಲೆಕ್ಕ ಇಡೀ ರೂಮಿಗೆ ಹರಡಿಕೊಂಡಿರತ್ತೆ, ಆದ್ರೂ ಮಹಡಿ ಮನೆ ಆದ್ರೆ ಬೀಮ್ ಎಲ್ಲಿದೆ ನೋಡಿ ಗೋಡೆಗೆ ಒತ್ತಿ ಇಡ್ಬೇಕು, ಗೊತ್ತಾಗ್ಲಿಲ್ಲ ಅಂದ್ರೆ ಎಂಜಿನಿಯರ್‌ನ ಕೇಳ್ಬೇಕು. ನಮ್ದು ಗ್ರೌಂಡ್ ಫ್ಲೋರ್, ಬಚಾವ್. ಓನರ್ ಅಂಕಲ್ ಬಂದು ನೋಡಿ "ಏನಪ್ಪಾ, ಹಾಲಲ್ಲಿ ಸಂಪ್ ಕಟ್ಟಿಸ್ತಾ ಇದ್ದೀಯಾ" ಅಂದ್ರು, ಆದ್ರೆ ಬೇಡ ಅನ್ಲಿಲ್ಲ.

ಸ್ಟ್ಯಾಂಡ್ ನಮ್ ಏರಿಯಾದ ವೆಲ್ಡಿಂಗ್ ಅಂಗಡೀಲಿ ಮಾಡಿಸಿದ್ದು. 40 ಎಂಎಂ ಸ್ಕ್ವೇರ್ ಪೈಪು, ಮಧ್ಯದಲ್ಲಿ ಎಕ್ಸ್‌ಟ್ರಾ ಕಾಲು, ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಪ್ಲೈವುಡ್, ಅದ್ರ ಮೇಲೆ ಥರ್ಮೋಕೋಲ್. ಒಟ್ಟು ಟ್ಯಾಂಕಿಗಿಂತ ಜಾಸ್ತಿ ಆಯ್ತು, ಪರ್ವಾಗಿಲ್ಲ. ಥರ್ಮೋಕೋಲ್ ಯಾಕೆ ಅಂದ್ರೆ ಅಡೀಲಿ ಒಂದು ಸಣ್ಣ ವೆಲ್ಡಿಂಗ್ ಗಂಟು ಇದ್ರೂ ಅಷ್ಟೂ ಭಾರ ಗ್ಲಾಸಿನ ಆ ಒಂದೇ ಜಾಗಕ್ಕೆ ಒತ್ತತ್ತೆ.

ಗ್ಲಾಸ್ ಜಾಯಿಂಟಿಗೆ ಬಳಿದಿರೋ ಸಿಲಿಕಾನ್ ಗಮ್ ಹಳೇದಾಗಿ ಅಂಚು ಎದ್ದಿತ್ತು, ಒಳಗಿನದ್ದು ಪೂರ್ತಿ ಬ್ಲೇಡ್‌ನಲ್ಲಿ ಕೆರೆದು ತೆಗೆದೆ. ಹಳೇದ್ರ ಮೇಲೇ ಹೊಸದು ಬಳಿಯೋರನ್ನ ನೋಡಿದ್ದೀನಿ, ಒಣಗಿದ ಸಿಲಿಕಾನ್‌ಗೆ ಹೊಸ ಸಿಲಿಕಾನ್ ಸರಿಯಾಗಿ ಹಿಡಿಯೋದೇ ಇಲ್ಲ. ಬಾತ್‌ರೂಮ್‌ಗೆ ಅಂತ ಮಾರೋ ಟ್ಯೂಬ್ ಬೇಡ, ಅದ್ರಲ್ಲಿ ಫಂಗಸ್ ಬರ್ದೇ ಇರಕ್ಕೆ ಹಾಕಿರೋ ಕೆಮಿಕಲ್ ಇರತ್ತೆ, ಮೀನಿಗೆ ವಿಷ. ವಿನಿಗರ್ ವಾಸನೆ ಬರೋ ಸಾದಾ ಸಿಲಿಕಾನ್ ತಗೊಂಡು, ಅದ್ರಲ್ಲೂ ಫಂಗಸ್ ಔಷಧಿ ಇಲ್ಲ ಅಂತ ನೋಡ್ಕೊಂಡು, ಹಚ್ಚಿ, ಒಂದು ವಾರ ಮುಟ್ಟದೆ ಬಿಟ್ಟೆ. ಆಮೇಲೆ ಪಾರ್ಕಿಂಗಲ್ಲೇ ನೀರು ತುಂಬಿ ಟೆಸ್ಟ್, ಹಾಲಿಗೆ ತಂದಿದ್ದು ಅದಾದ್ಮೇಲೇ.

ಫಿಲ್ಟರ್. ಈ ಸೈಜಿಗೆ ಒಳ್ಳೆ ಕ್ಯಾನಿಸ್ಟರ್ (ಟ್ಯಾಂಕ್ ಹೊರಗೆ ಇಡೋ ಡಬ್ಬಿ ಫಿಲ್ಟರ್) ರೇಟ್ ನೋಡಿದ್ರೆ ಮೀನೇ ಬೇಡ ಅನ್ಸತ್ತೆ. ಅದಕ್ಕೆ ನಮ್ ಹಳೇ 3 ಅಡಿ ಟ್ಯಾಂಕನ್ನೇ ಕೆಳಗಡೆ ಸಂಪ್ ಮಾಡ್ದೆ, ಅಂದ್ರೆ ಮೇಲಿಂದ ಇಳಿದ ನೀರು ಸೋಸಿ ಪಂಪಲ್ಲಿ ವಾಪಸ್ ಮೇಲೆ ಕಳ್ಸೋ ಫಿಲ್ಟರ್ ತೊಟ್ಟಿ. ಮೇಲಿನ ಟ್ಯಾಂಕಿನ ಹಿಂದಿನ ಗ್ಲಾಸಿಗೆ ಗ್ಲಾಸ್ ಅಂಗಡಿಯವ್ರ ಹತ್ರ ತೂತು ಹೊಡೆಸಿ (ಟಫನ್ಡ್ ಗ್ಲಾಸ್ ಆಗಿದ್ರೆ ತೂತು ಹೊಡೆಯಕ್ಕೆ ಹೋದ್ರೆ ಪುಡಿಪುಡಿ, ಮೊದ್ಲೇ ಚೆಕ್ ಮಾಡಿಸಿ), ಅದಕ್ಕೆ ಓವರ್‌ಹೆಡ್ ಟ್ಯಾಂಕಿಗೆ ಹಾಕ್ತಾರಲ್ಲ ಅದೇ ಟ್ಯಾಂಕ್ ನಿಪ್ಪಲ್, ಪಿವಿಸಿ ಪೈಪು. ಸಂಪ್ ಒಳಗೆ ಮೀಡಿಯಾ (ಫಿಲ್ಟರಿಗೆ ತುಂಬೋ ಸಾಮಾನು) ಅಂತ ಪಾತ್ರೆ ಉಜ್ಜೋ ಪ್ಲಾಸ್ಟಿಕ್ ಸ್ಕ್ರಬ್ಬರು, ಮತ್ತೆ ಅಜ್ಜಿ ಮನೆ ಹಿತ್ತಲಲ್ಲಿ ರಾಶಿ ಬಿದ್ದಿದ್ದ ಮಂಗಳೂರು ಹೆಂಚಿನ ಚೂರು. ಮೀನಿನ ಕೊಳೆ ಒಡೆಯೋ ಬ್ಯಾಕ್ಟೀರಿಯಾಗೆ ಕೂರಕ್ಕೆ ಜಾಗ ಬೇಕಷ್ಟೆ, ಸುಟ್ಟ ಮಣ್ಣಲ್ಲಿ ಸಣ್ಣ ಸಣ್ಣ ತೂತು ಬೇಕಾದಷ್ಟಿರತ್ತೆ, ಡಬ್ಬಿಲಿ ಮಾರೋ ಸೆರಾಮಿಕ್ ರಿಂಗೂ ಮಾಡೋದು ಇದೇ ಕೆಲ್ಸ.

ಸಂಪ್ ಮಾಡೋರು ಕರೆಂಟ್ ಹೋದ್ರೆ ಏನಾಗತ್ತೆ ಅಂತ ಮೊದ್ಲೇ ಲೆಕ್ಕ ಹಾಕ್ಲೇಬೇಕು. ಪಂಪ್ ನಿಂತ ತಕ್ಷಣ ಮೇಲಿನ ನೀರು ಕೆಳಗೆ ಇಳಿಯತ್ತೆ, ನಮ್ ಟ್ಯಾಂಕಲ್ಲಿ ಒಂದು ಇಂಚು ಇಳಿದ್ರೆ 19 ಲೀಟರ್. ಪಂಪಿಂದ ಮೇಲಕ್ಕೆ ಬರೋ ವಾಪಸ್ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಮಾಡಿದ್ದೀನಿ, ಅಲ್ಲಿಗೆ ಬಂದ ತಕ್ಷಣ ಗಾಳಿ ಎಳ್ಕೊಂಡು ಸೈಫನ್ (ಪೈಪಲ್ಲಿ ನೀರು ತಾನಾಗೇ ಕೆಳಕ್ಕೆ ಎಳ್ಕೊಳ್ಳೋದು) ಕಟ್ ಆಗತ್ತೆ. ಸಂಪ್‌ನಲ್ಲಿ ಯಾವಾಗ್ಲೂ ಅರ್ಧದ ಹತ್ರ ಖಾಲಿ ಬಿಟ್ಟಿರ್ತೀನಿ. ಬೇಕಂತ್ಲೇ ಮೇನ್ ಆಫ್ ಮಾಡಿ ನೋಡ್ದೆ, ನೆಲ ಒಣಗೇ ಇತ್ತು.

ಈಗ ನೀರು. ನಮ್ಮಲ್ಲಿ ಬೋರ್‌ವೆಲ್, ಟಿಡಿಎಸ್ (ನೀರಲ್ಲಿ ಕರಗಿರೋ ಉಪ್ಪು, ಖನಿಜದ ಲೆಕ್ಕ) 900ರ ಮೇಲೆ, ಬಕೆಟ್ ಮೇಲೆಲ್ಲಾ ಬಿಳಿ ಕಲೆ. ಆರ್‌ಒ ನೀರಲ್ಲಿ ಇಷ್ಟು ತುಂಬಿಸೋದು ದುಬಾರಿ, ವೇಸ್ಟೂ ಜಾಸ್ತಿ. ಅದಕ್ಕೆ ಮಳೆಗಾಲಕ್ಕೇ ಕಾದೆ. ಟೆರೇಸ್ ತೊಳೆದು, ಮೊದಲ ಮಳೆ ಹರಿಯಕ್ಕೆ ಬಿಟ್ಟು, ಆಮೇಲಿನ ನೀರು ಡ್ರಮ್ಮಿಗೆ ಹಿಡಿದು, ಅರ್ಧ ಮಳೆ ನೀರು ಅರ್ಧ ಬೋರ್. ಟಿಡಿಎಸ್ ಹೆಚ್ಚುಕಮ್ಮಿ ಅರ್ಧಕ್ಕಿಳೀತು. ಬರೀ ಮಳೆ ನೀರು ಹಾಕ್ಬೇಡಿ, ಅದ್ರಲ್ಲಿ ಖನಿಜ ಇರಲ್ಲ, ಪಿಎಚ್ ಒಂದ್ ಕಡೆ ನಿಲ್ಲಲ್ಲ. ಕಾವೇರಿ ನೀರು ಬರೋರಿಗೆ ಈ ತಲೆನೋವಿಲ್ಲ, ಕ್ಲೋರಿನ್ ತೆಗಿಯಕ್ಕೆ ಹೈಪೋ ಹರಳು ಹಾಕಿದ್ರೆ ಸಾಕು.

ಕರೆಂಟ್ ಲೆಕ್ಕ ಕೇಳಿದ್ರೆ ನಗ್ತೀರ. 40 ವ್ಯಾಟ್ ಪಂಪ್ ಹಗಲೂ ರಾತ್ರಿ ಓಡಿದ್ರೆ ತಿಂಗ್ಳಿಗೆ 29 ಯೂನಿಟ್. ಗೃಹಜ್ಯೋತೀಲಿ 200 ಯೂನಿಟ್ ಫ್ರೀ ಅಂತ ಬಾಯಲ್ಲಿ ಹೇಳೋದು, ನಿಜವಾಗ್ಲೂ ಸಿಗೋದು ನಮ್ ಹಳೇ ಸರಾಸರಿ ಪ್ಲಸ್ ಇನ್ನೊಂಚೂರು, ನಮ್ದು ಮೊದ್ಲೇ ಕಮ್ಮಿ ಬಳಕೆ ಮನೆ, ಹಂಗಾಗಿ ಪಂಪ್ ಬಂದ್ಮೇಲೆ ಮಿಕ್ಕಿದ್ದಕ್ಕೆ ಬಿಲ್ ಬರ್ತಿದೆ. ಮನೆಯವ್ಳು ಆ ಬಿಲ್ಲನ್ನ ಫ್ರಿಡ್ಜ್ ಮೇಲೆ ಅಂಟಿಸಿದ್ದಾಳೆ.

ಮೀನು? ಇನ್ನೂ ಇಲ್ಲ. ಅತ್ತೆ ಫೋನ್ ಮಾಡಿದಾಗೆಲ್ಲ "ಫ್ಲವರ್‌ಹಾರ್ನ್ ತಗೊಳ್ಳಿ, ವಾಸ್ತುಗೆ ಒಳ್ಳೇದಂತೆ" ಅಂತಾರೆ. ಆಯ್ತತ್ತೆ ನೋಡೋಣ ಅಂತೀನಿ, ಆದ್ರೆ ಒಂದೇ ಮೀನು, ಪಕ್ಕದಲ್ಲಿ ಯಾರನ್ನೂ ಬದುಕಕ್ಕೆ ಬಿಡಲ್ಲ, ಅದಕ್ಕೋಸ್ಕರ ಇಷ್ಟೆಲ್ಲಾ ಮಾಡ್ಲಾ? ನಂಗೆ ಬೇಕಿರೋದು ಮಿಸ್ ಕೇರಳ, ಅಂದ್ರೆ ಡೆನಿಸನ್ ಬಾರ್ಬ್, ಪಶ್ಚಿಮ ಘಟ್ಟದ್ದೇ ಮೀನು, ಕೆಂಪು ಪಟ್ಟೆ, ಗುಂಪಲ್ಲಿ ಈಜೋದು, 15 ಸೆಂಟಿಮೀಟರ್‌ವರೆಗೂ ಬೆಳಿಯತ್ತೆ, ಅದಕ್ಕೇ 4 ಅಡಿ ಉದ್ದ ಬೇಕಂದಿದ್ದು. ಹೊಳೇಲಿ ಹಿಡಿದು ಹಿಡಿದು ಅಳಿವಿನಂಚಿಗೆ ಬಂದಿದೆ, ಹಾಗಾಗಿ ಫಾರ್ಮ್‌ನಲ್ಲಿ ಮರಿ ಮಾಡ್ಸಿದ್ದು ಅಂತ ಅಂಗಡಿಯವ್ರು ಖಾತ್ರಿ ಕೊಟ್ರೆ ಮಾತ್ರ ತಗೊಳ್ಳೋದು.

ಸದ್ಯಕ್ಕೆ ಖಾಲಿ ನೀರೇ ಓಡ್ತಿದೆ. ಫ್ರೆಂಡ್ ಒಬ್ನ ಟ್ಯಾಂಕಿನ ಕೊಳಕು ಸ್ಪಾಂಜ್ ತಂದು, ಅದ್ರಲ್ಲಿರೋ ಬ್ಯಾಕ್ಟೀರಿಯಾ ಇಲ್ಲೂ ಬೆಳೀಲಿ ಅಂತ ಸಂಪ್‌ನಲ್ಲಿ ಹಿಂಡಿದ್ದೀನಿ, ದಿನಾ ಒಂಚೂರು ಮೀನಿನ ಫುಡ್ ಹಾಕ್ತೀನಿ. ಫುಡ್ ಕೊಳೆತು ಬರೋ ಅಮೋನಿಯಾ ಸೊನ್ನೆಗೆ ಬಂದಿದೆ, ಅದನ್ನ ಬ್ಯಾಕ್ಟೀರಿಯಾ ಒಡೆದಾಗ ಬರೋ ಇನ್ನೊಂದು ವಿಷ ನೈಟ್ರೈಟ್ ಇನ್ನೂ ಇಳಿದಿಲ್ಲ, ಟೆಸ್ಟ್ ಟ್ಯೂಬಲ್ಲಿ ನೇರಳೆ ಬಣ್ಣ ಹಂಗೇ ಇದೆ. ಅದು ಇಳಿದ್ಮೇಲೆ ಮೊದ್ಲು ಆರು ಮರಿ, ಜಾಗಕ್ಕೆ ಹೊಂದ್ಕೊಂಡ್ರೆ ಇನ್ನಾರು. ಯಾರ್ ಹತ್ರಾನಾದ್ರೂ 4 ಅಡಿ ಎಲ್‌ಇಡಿ ಲೈಟ್ ಸುಮ್ನೆ ಬಿದ್ದಿದ್ರೆ ಹೇಳಿ, 800ರ ಒಳಗೆ ಆದ್ರೆ ಇವತ್ತೇ ಬಂದು ತಗೊಂಡ್ ಹೋಗ್ತೀನಿ.