ಅಣ್ಣ ರೆಕಾರ್ಡ್ ಮಾಡಿದ ‘ಗೀತಾ’

‘ಗೀತಾ’ ಸಿನಿಮಾ ಬಂದಿದ್ದು 1981ರಲ್ಲಿ. ಶಂಕರ್‌ನಾಗ್ ಅವರೇ ನಿರ್ದೇಶಿಸಿ, ಅವರೇ ನಾಯಕನಾದ ಸಿನಿಮಾ. ಸಂಗೀತ ಇಳಯರಾಜಾ, ಹಾಡು ಬರೆದವರು ಚಿ. ಉದಯಶಂಕರ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ಹಾಡುಗಳ ಇನ್ನೊಂದು ರೂಪ ಇತ್ತು, ಅದು ನಮ್ಮ ಮನೆಯಲ್ಲಿ ಮಾತ್ರ ಇತ್ತು. ನನ್ನ ಕಿವಿಗೆ ಇವತ್ತಿಗೂ ಅದೇ ಅಸಲಿ.

ಅಣ್ಣನ ಸ್ನೇಹಿತನ ಹತ್ತಿರ ಕ್ಯಾಸೆಟ್ ಇತ್ತು. ಒಂದೇ ದಿನಕ್ಕೆ ಅಂತ ಅವನು ಕ್ಯಾಸೆಟ್ಟನ್ನೂ ತನ್ನ ಟೇಪ್ ರೆಕಾರ್ಡರನ್ನೂ ಅಣ್ಣನ ಕೈಗೆ ಕೊಟ್ಟಿದ್ದ. ಅಣ್ಣ ಅದನ್ನೂ ನಮ್ಮದನ್ನೂ ಎದುರುಬದುರು ಇಟ್ಟ. ಒಂದರಲ್ಲಿ ಹಾಡು ಹಾಕಿದ, ಇನ್ನೊಂದರಲ್ಲಿ ಕೆಂಪು ಗುಂಡಿ ಮತ್ತು ಪ್ಲೇ ಗುಂಡಿ ಒಟ್ಟಿಗೆ ಒತ್ತಿದ. ನಡುವೆ ವೈರು ಗಿಯರು ಏನೂ ಇಲ್ಲ. ನಮ್ಮ ಟೇಪ್ ರೆಕಾರ್ಡರಿನ ಪುಟ್ಟ ಮೈಕ್ ಏನು ಕೇಳಿಸಿಕೊಳ್ಳುತ್ತದೋ ಅದೇ ರೆಕಾರ್ಡ್. ಹಾಗಾಗಿ ಫ್ಯಾನ್ ಆಫ್, ಕಿಟಕಿ ಬಂದ್. ಅಮ್ಮನಿಗೆ ಪಾತ್ರೆ ಮುಟ್ಟಬೇಡ ಅಂತ ಹೇಳಿ ಬಂದಿದ್ದ. ನಾನು ಗೋಡೆಗೆ ಒರಗಿ ಕೂತಿದ್ದೆ, ಉಸಿರಾಡಲು ಮಾತ್ರ ಅನುಮತಿ.

ಮೊದಲ ಹಾಡು ‘ಸಂತೋಷಕ್ಕೆ’. ಅಣ್ಣ ಆ ಕಡೆ ಪ್ಲೇ ಒತ್ತಿ ಈ ಕಡೆಗೆ ಬರುವಷ್ಟರಲ್ಲಿ ಹಾಡು ಶುರುವಾಗಿಬಿಟ್ಟಿತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ಮಾಡೋಣ ಅಂದರೆ ಅವನಿಗೆ ತಾಳ್ಮೆ ಇಲ್ಲ. ಹಾಗಾಗಿ ನಮ್ಮ ‘ಸಂತೋಷಕ್ಕೆ’ ಶುರುವಿನ ವಾದ್ಯವೇ ಇಲ್ಲದೆ, ನಡುವಿನಿಂದಲೇ ಧಡಕ್ಕನೆ ಹುಟ್ಟುತ್ತಿತ್ತು. ಎಷ್ಟೋ ವರ್ಷ ಆದ ಮೇಲೆ ಒಂದು ಮದುವೆ ಆರ್ಕೆಸ್ಟ್ರಾದಲ್ಲಿ ಅದನ್ನು ಪೂರ್ತಿ ನುಡಿಸಿದಾಗ, ಇವರು ಯಾಕೆ ಇಷ್ಟು ಹೊತ್ತು ಸುಮ್ನೆ ಬಾರಿಸ್ತಿದಾರೆ ಅಂತ ನನಗೆ ಅನಿಸಿತು.

ಎರಡನೆಯದು ‘ಕೇಳದೆ ನಿಮಗೀಗ’. ಹಾಡು ಮುಗಿಯುವ ಹೊತ್ತಿಗೆ ನನಗೆ ಕೆಮ್ಮು ಬಂತು. ತಡೆದೆ, ಆಗಲಿಲ್ಲ. ಕೆಮ್ಮಿನ ಹಿಂದೆಯೇ ಅಣ್ಣನ ದನಿ: “ಸುಮ್ನಿರೇ!” ಎರಡೂ ಟೇಪಿನಲ್ಲಿ ಸೇರಿಕೊಂಡವು. ಆಮೇಲೆ ಪ್ರತಿ ಸಲ ಆ ಹಾಡು ಮುಗಿಯುವಾಗ ನಾನು ಕೆಮ್ಮುತ್ತಿದ್ದೆ, ಅಣ್ಣ ಬೈಯುತ್ತಿದ್ದ. ಈಗಲೂ ಎಲ್ಲಾದರೂ ಆ ಹಾಡು ಕೇಳಿಸಿದರೆ, ಕೊನೆಗೆ ಬೈಗುಳ ಬರದೇ ಹೋದರೆ ಹಾಡು ಮುಗಿದ ಹಾಗೇ ಅನಿಸುವುದಿಲ್ಲ.

ಹಾಡುಗಳ ಸಾಲು ಕೂಡ ಹಾಗೆಯೇ ತಲೆಯಲ್ಲಿ ಕೂತಿದೆ. ಈಗ ಫೋನಿನಲ್ಲಿ ಒಂದು ಹಾಡು ಮುಗಿದು ಬೇರೆ ಯಾವುದೋ ಸಿನಿಮಾದ್ದು ಶುರುವಾದರೆ, ನನ್ನೊಳಗೆ ಮಾತ್ರ ಟೇಪಿನ ಮುಂದಿನ ಹಾಡು ಓಡುತ್ತಿರುತ್ತದೆ. ಕ್ಯಾಸೆಟ್ ಕಾಲದವರಿಗೆ ಎಲ್ಲರಿಗೂ ಹೀಗೇ ಇರಬೇಕು. ಆಗ ಹಾಡು ದಾಟಿಸುವುದು ಒಂದು ದೊಡ್ಡ ಕೆಲಸ. ಫಾರ್ವರ್ಡ್ ಒತ್ತಿ, ಅಂದಾಜಿನ ಮೇಲೆ ನಿಲ್ಲಿಸಿ, ಮುಂದೆ ಹೋಗಿಬಿಟ್ಟರೆ ಮತ್ತೆ ಹಿಂದೆ ಬಂದು... ಅದರ ಬದಲು ಇಷ್ಟ ಇಲ್ಲದ್ದನ್ನೂ ಕೇಳುವುದೇ ವಾಸಿ. ಹಾಗೆ ಕೇಳಿ ಕೇಳಿಯೇ ಇಷ್ಟವಾದ ಹಾಡುಗಳೂ ಇವೆ.

ಒಂದು ವಿಷಯ ಆಗ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಅದನ್ನು ಎಳೆಯುವ ಚಕ್ರಕ್ಕೂ ಮೋಟರಿಗೂ ನಡುವೆ ಒಂದು ಸಣ್ಣ ರಬ್ಬರ್ ಬೆಲ್ಟ್ ಇರುತ್ತದೆ. ವಯಸ್ಸಾದ ಹಾಗೆ ಅದು ಸಡಿಲವಾಗುತ್ತದೆ. ಟೇಪು ನಿಧಾನವಾಗುತ್ತದೆ, ಶ್ರುತಿ ಇಳಿಯುತ್ತದೆ. ಒಂದೇ ದಿನ ಆಗಿದ್ದರೆ ಗೊತ್ತಾಗುತ್ತಿತ್ತು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿದಿದ್ದರಿಂದ ನಮ್ಮ ಕಿವಿಯೂ ಅದರ ಜೊತೆಯೇ ಇಳಿದಿತ್ತು. ನಾನು ಬಾತ್‌ರೂಮಿನಲ್ಲಿ ಹಾಡಿಕೊಳ್ಳುತ್ತಿದ್ದುದೂ ಆ ತಗ್ಗಿದ ಶ್ರುತಿಯಲ್ಲೇ. ಆಮೇಲೆ ಒಂದು ದಿನ ಸಿಡಿಯಲ್ಲಿ ಕೇಳಿದಾಗ ಹಾಡಿದ ಎಸ್‌ಪಿಬಿ, ಅಂದರೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಹುಡುಗನ ಹಾಗೆ ಕೇಳಿಸಿದರು. ಎಲ್ಲವೂ ಅವಸರದಲ್ಲಿತ್ತು. ಇದನ್ನು ಯಾರೋ ವೇಗ ಹೆಚ್ಚಿಸಿ ಹಾಳು ಮಾಡಿದ್ದಾರೆ ಅಂತಲೇ ನಾನು ನಂಬಿದ್ದೆ.

ಹುಡುಗನೇ ಅಲ್ವಾ ಅವರು ಆಗ. 1946ರಲ್ಲಿ ಹುಟ್ಟಿದವರು, ಅಂದರೆ ಮೂವತ್ತೈದರ ಆಸುಪಾಸು. ಇಳಯರಾಜಾ ಅವರಿಗೂ ನಲವತ್ತಾಗಿರಲಿಲ್ಲ. ಶಂಕರ್‌ನಾಗ್ ಅಂತೂ ಇಪ್ಪತ್ತಾರೋ ಇಪ್ಪತ್ತೇಳೋ. ನಾನು ದೊಡ್ಡವರು ದೊಡ್ಡವರು ಅಂದುಕೊಂಡು ಕೇಳುತ್ತಿದ್ದ ಇವರೆಲ್ಲ ಈಗ ನನಗಿಂತ ತುಂಬಾ ಚಿಕ್ಕವರು. ಲೆಕ್ಕ ಹಾಕಿದಾಗ ತಮಾಷೆ ಅನಿಸಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇನ್ನು ಸಿನಿಮಾ ವಿಷಯ. ಹಾಡು ಬಾಯಿಪಾಠ ಆಗಿ ಎಷ್ಟೋ ಕಾಲದವರೆಗೆ ನಾನು ‘ಗೀತಾ’ ನೋಡಿರಲಿಲ್ಲ. ಹಾಗಂತ ಸುಮ್ಮನೆ ಕೂರುವ ವಯಸ್ಸೂ ಅಲ್ಲ. ಹಾಡುಗಳನ್ನೇ ಜೋಡಿಸಿ ನಾನೇ ಒಂದು ಕಥೆ ಮಾಡಿಕೊಂಡಿದ್ದೆ. ಅದರಲ್ಲಿ ಗೀತಾ ತುಂಬಾ ಜೋರಿನವಳು. ಹುಡುಗನಿಗೆ ಹಾಡುವುದು ಬಿಟ್ಟು ಬೇರೆ ಕೆಲಸ ಇಲ್ಲ, ಅವಳ ಅಪ್ಪನಿಗೆ ಅದು ಇಷ್ಟ ಇಲ್ಲ. ‘ಜೊತೆಯಲಿ ಜೊತೆಜೊತೆಯಲಿ’ ಹಾಡಿಕೊಂಡು ಇಬ್ಬರೂ ಓಡಿಹೋಗುತ್ತಾರೆ. ‘ನನ್ನ ಜೀವ ನೀನು’ ಬರುವುದು ಜಗಳ ಆದಾಗ. ಅವಳು ಮುನಿಸಿಕೊಂಡಿದ್ದಾಳೆ, ಇವನು ರಮಿಸುತ್ತಿದ್ದಾನೆ. ಕೊನೆಗೆ ಎಲ್ಲ ಸರಿಹೋಗಿ ‘ಸಂತೋಷಕ್ಕೆ’. ಅಪ್ಪನೂ ಕುಣಿಯುತ್ತಾರೆ. ಅಣ್ಣನಿಗೆ ಈ ಕಥೆ ಹೇಳಿದ್ದೆ. ಅವನು ಆಗಲೇ ಸಿನಿಮಾ ನೋಡಿದ್ದ. “ಹೂಂ, ಹೆಚ್ಚೂಕಡಿಮೆ ಹಾಗೇನೇ” ಅಂದ. ಎಂಥ ಮನುಷ್ಯ ನೋಡಿ!

ಆಮೇಲೆ ಯಾರದೋ ಮನೆಯಲ್ಲಿ ವಿಸಿಆರ್ ಬಂತು, ನೋಡಿದೆ. ಶಂಕರ್‌ನಾಗ್ ಜೊತೆ ಅಕ್ಷತಾ ರಾವ್. ಹುಡುಗಿಗೆ ರಕ್ತದ ಕ್ಯಾನ್ಸರ್. ಮುಂದಿನದು ನೋಡಿದವರಿಗೆ ಗೊತ್ತು. ನನಗೆ ಅಳು ಬಂತು ಅನ್ನುವುದಕ್ಕಿಂತ ಸಿಟ್ಟು ಬಂತು. ಇಷ್ಟು ಕುಣಿಸುವ ಹಾಡು ಕೊಟ್ಟು ಒಳಗೆ ಇದನ್ನು ಇಟ್ಟಿದ್ದೀರಲ್ಲ ಅಂತ. ಆ ರಾತ್ರಿ ಅಣ್ಣನ ಜೊತೆ ಮಾತು ಬಿಟ್ಟೆ. ಅವನು ಮಾಡಿದ್ದು ಸಣ್ಣ ಮೋಸವಲ್ಲ.

ಹಾಡು ಮತ್ತೆ ಹಾಕಿದಾಗ ಎಲ್ಲ ಬೇರೆಯಾಗಿತ್ತು. ‘ಜೊತೆಯಲಿ’ ಹಾಡಿನಲ್ಲಿ ಎಂದೆಂದಿಗೂ ಹೀಗೇ ಜೊತೆಗಿರುತ್ತೇನೆ ಅನ್ನುತ್ತಾರಲ್ಲ, ಅದನ್ನು ನಾನು ಅಷ್ಟು ದಿನ ಕೇಳಿಸಿಕೊಂಡೇ ಇರಲಿಲ್ಲ. ಪದ ಬಾಯಿಗೆ ಬರುತ್ತಿತ್ತು ಅಷ್ಟೇ. ಉದಯಶಂಕರ್ ಬರೆದಿರುವುದು ಎಷ್ಟು ಸರಳ ಅಂದರೆ, ಅರ್ಥ ಹುಡುಕಬೇಕು ಅಂತಲೇ ಅನಿಸುವುದಿಲ್ಲ. ಕಥೆ ಗೊತ್ತಾದ ಮೇಲೆ ಆ ಸರಳ ಸಾಲೇ ಚುಚ್ಚುತ್ತದೆ. ರಾಗದಲ್ಲಿ ಮಾತ್ರ ಎಲ್ಲೂ ದುಃಖದ ಸುಳಿವಿಲ್ಲ. ಕುದುರೆ ಓಡಿದ ಹಾಗೆ ಟಕಟಕ ಹೋಗುತ್ತದೆ. ಇದೇ ಇಳಯರಾಜಾ ಅವರ ಜಾಣತನ ಅಂತ ನನ್ನ ಅಭಿಪ್ರಾಯ. ಆ ಇಬ್ಬರಿಗೆ ಆ ಗಳಿಗೆಯಲ್ಲಿ ಎಷ್ಟು ಖುಷಿ ಇದೆಯೋ ಅಷ್ಟನ್ನೇ ಕೊಟ್ಟಿದ್ದಾರೆ. ಮುಂದೇನಾಗುತ್ತದೆ ಅಂತ ಪಿಟೀಲಿನಲ್ಲಿ ಚಾಡಿ ಹೇಳಿಲ್ಲ. ಈಗಿನ ಎಷ್ಟೋ ಸಿನಿಮಾಗಳಲ್ಲಿ ನಾಯಕಿ ಕೆಮ್ಮುವ ಮೊದಲೇ ಹಿನ್ನೆಲೆ ಸಂಗೀತ ಅಳಲು ಶುರು ಮಾಡುತ್ತದೆ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾಗಿ ಶಂಕರ್‌ನಾಗ್ ಹೋದರು. ವಯಸ್ಸು 35. ಆಗ ಅಣ್ಣ ಕೆಲಸಕ್ಕೆ ಸೇರಿ ಬೇರೆ ಊರಿನಲ್ಲಿದ್ದ. ಫೋನ್ ಮಾಡಿ ಏನೂ ಮಾತಾಡದೆ, “ಕ್ಯಾಸೆಟ್ ಇದೆ ಅಲ್ವಾ?” ಅಂತ ಕೇಳಿದ. ಇದೆ ಅಂದೆ. “ಸರಿ” ಅಂದು ಇಟ್ಟುಬಿಟ್ಟ. ಸಿನಿಮಾದಲ್ಲಿ ಸಾವು ಹುಡುಗಿಯ ಬೆನ್ನು ಹತ್ತಿತ್ತು. ಹೊರಗೆ ಹೋದವನು ಅವಳ ಪಕ್ಕ ನಿಂತು ಹಾಡಿದ ಹುಡುಗ. ಆಮೇಲೆ ಒಂದಷ್ಟು ಕಾಲ ನಾನು ಆ ಹಾಡು ಹಾಕಲಿಲ್ಲ. ಶಪಥ ಏನೂ ಅಲ್ಲ, ಕೈ ಹೋಗಲಿಲ್ಲ ಅಷ್ಟೇ.

‘ಜೊತೆಯಲಿ’ ಹಾಡಿನ ರಾಗ ಸಿನಿಮಾ ಬಂದ ಮೇಲೆ ಊರೂರು ತಿರುಗಿದ ಕಥೆಯೇ ಬೇರೆ. 1984ರಲ್ಲಿ ‘ನೂರಾವದು ನಾಳ್’ ಅನ್ನುವ ತಮಿಳು ಸಿನಿಮಾಗೆ ಇಳಯರಾಜಾ ಇದನ್ನೇ ‘ವಿಳಿಯಿಲೇ’ ಹಾಡಾಗಿ ಬಳಸಿದರು. ಕನ್ನಡದಲ್ಲಿ ಹಾಡಿದ ಎಸ್‌ಪಿಬಿ, ಜಾನಕಮ್ಮ (ಎಸ್. ಜಾನಕಿ) ಅವರೇ ಅಲ್ಲೂ ಹಾಡಿದರು. 2007ರಲ್ಲಿ ‘ಚೀನಿ ಕಮ್’ ಹಿಂದಿ ಸಿನಿಮಾದಲ್ಲಿ ಶ್ರೇಯಾ ಘೋಷಾಲ್ ಹಾಡಿದ ‘ಜಾನೇ ದೋ ನಾ’ ಕೂಡ ಇದೇ. ಒಮ್ಮೆ ಆಫೀಸಿನಲ್ಲಿ ತಮಿಳು ಗೆಳತಿಯೊಬ್ಬಳು ‘ಜೊತೆಯಲಿ’ ಕೇಳಿ, “ನಮ್ಮ ಹಾಡು ಕದ್ದಿದ್ದೀರಿ” ಅಂದಳು. ನಾನು ವರ್ಷ ಹೇಳಿದೆ. ಅವಳು ಒಪ್ಪಲಿಲ್ಲ. ಹುಡುಕಿ ತೋರಿಸಿದೆ, ಒಪ್ಪಿದಳು, ಆದರೆ “ಆದ್ರೂ ತಮಿಳೇ ಚೆನ್ನಾಗಿದೆ” ಅಂದಳು. ಅವಳ ಮನೆಯಲ್ಲೂ ಅವಳದ್ದೇ ಒಂದು ಕ್ಯಾಸೆಟ್ ಇದ್ದಿರಬೇಕು. ಅದರ ಮೇಲೆ ವಾದ ಬೆಳೆಸಿ ಪ್ರಯೋಜನ ಇಲ್ಲ. ಹಿಂದಿಯದು ಮಾತ್ರ ನನಗೆ ಜಾಸ್ತಿ ನಿಧಾನ ಅನಿಸುತ್ತದೆ. ಇಂಪಾಗಿದೆ, ಇಲ್ಲ ಅನ್ನಲ್ಲ. ಆ ಓಟ ಇಲ್ಲ. ಬೆಲ್ಟ್ ಸಡಿಲವಾದ ಟೇಪಿನಲ್ಲಿ ಕೇಳಿ ಬೆಳೆದವಳು ನಿಧಾನ ಅಂತ ದೂರುವುದು ಎಷ್ಟು ಸರಿಯೋ!

ಮನಶ್ಶಾಸ್ತ್ರದವರು ಹೇಳುವ ಪ್ರಕಾರ ಸುಮಾರು 10ರಿಂದ 30ರ ವಯಸ್ಸಿನ ನಡುವಿನ ನೆನಪುಗಳೇ ಮುಂದೆ ಜಾಸ್ತಿ ಉಳಿಯುವುದು, ಹಾಡಿನ ವಿಷಯದಲ್ಲೂ ಅಷ್ಟೇ. ಹಾಗಾದರೆ ನನ್ನ ಪ್ರೀತಿಯಲ್ಲಿ ಹಾಡಿನ ಪಾಲೆಷ್ಟು, ವಯಸ್ಸಿನ ಪಾಲೆಷ್ಟು? ಈ ಅನುಮಾನ ನನಗೂ ಇತ್ತು. ಅದೇ ಹೊತ್ತಿಗೆ ಟೇಪಿನಲ್ಲಿದ್ದ ಬೇರೆ ಎಷ್ಟೋ ಹಾಡು ಈಗ ಕೇಳಲು ಆಗುವುದಿಲ್ಲ. ಹೆಸರು ಹೇಳಲ್ಲ, ಅಭಿಮಾನಿಗಳು ಬೈತಾರೆ. ಎಲ್ಲ ವಯಸ್ಸಿನದೇ ಆಟ ಆಗಿದ್ದರೆ ಅವೂ ಹೀಗೇ ಉಳಿಯಬೇಕಿತ್ತು.

ಮಗಳು ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಒಳ್ಳೆಯ ಹೆಡ್‌ಫೋನ್ ತಂದುಕೊಟ್ಟಳು. ಮೊದಲು ಹಾಕಿದ್ದೇ ‘ಜೊತೆಯಲಿ’. ಅರ್ಧ ನಿಮಿಷ ಆಗುವಷ್ಟರಲ್ಲಿ ನಿಲ್ಲಿಸಿ ಮತ್ತೆ ಮೊದಲಿಂದ ಕೇಳಿದೆ. ಕೆಳಗಡೆ ಇನ್ನೊಂದು ಹಾಡು ಓಡುತ್ತಿತ್ತು! ಬೇಸ್ ಗಿಟಾರ್. ಎಸ್‌ಪಿಬಿ ಮತ್ತು ಜಾನಕಮ್ಮ ಹಾಡುವಾಗ ಅದು ತನ್ನಷ್ಟಕ್ಕೆ ತಾನು ಬೇರೆ ದಾರಿಯಲ್ಲಿ ಹೋಗುತ್ತದೆ, ಆಗಾಗ ಅವರ ಹತ್ತಿರ ಬಂದು ಮುಟ್ಟಿ ಮತ್ತೆ ದೂರ ಸರಿಯುತ್ತದೆ. ನಮ್ಮ ಟೇಪ್ ರೆಕಾರ್ಡರಿನ ಅಂಗೈ ಅಗಲದ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ಹೊರಡಿಸುವ ಶಕ್ತಿಯೇ ಇರಲಿಲ್ಲ. ಅದೂ ಅಲ್ಲದೆ ನಮ್ಮದು ಒಂದು ಸ್ಪೀಕರಿನಿಂದ ಮೈಕಿಗೆ, ಮೈಕಿನಿಂದ ಇನ್ನೊಂದು ಸ್ಪೀಕರಿಗೆ ಬಂದ ಹಾಡು. ಬೇಸ್ ದಾರಿಯಲ್ಲೇ ಉದುರಿಹೋಗಿತ್ತು. ಇಷ್ಟು ವರ್ಷ ನಾನು ಮೇಲಿನ ಅರ್ಧವನ್ನೇ ಹಾಡು ಅಂದುಕೊಂಡಿದ್ದೆ.

ಆ ದಿನ ಉಳಿದ ಹಾಡುಗಳನ್ನೂ ಬೇಸ್‌ಗೋಸ್ಕರವೇ ಕೇಳಿದೆ. ‘ಸಂತೋಷಕ್ಕೆ’ ಹಾಡಿನ ಶುರುವನ್ನೂ ಈಗ ಕ್ಷಮಿಸಿದ್ದೇನೆ. ‘ನನ್ನ ಜೀವ ನೀನು’ ಬಂದಾಗ ಮಾತ್ರ ಬೇರೆ ಯಾವುದಕ್ಕೂ ಕಿವಿ ಹೋಗಲಿಲ್ಲ. ಆ ಹಾಡಿನಲ್ಲಿ ಎಸ್‌ಪಿಬಿ ದನಿ ಬೇಡುವ ಹಾಗೂ ಇದೆ, ಗದರಿಸುವ ಹಾಗೂ ಇದೆ. ನಾನು ಚಿಕ್ಕವಳಿದ್ದಾಗ ಅದನ್ನು ಗಂಡಹೆಂಡಿರ ಜಗಳ ಅಂದುಕೊಂಡಿದ್ದು ಅಷ್ಟೇನೂ ತಪ್ಪಲ್ಲ. ಸಾವಿನ ಜೊತೆಗೂ ಜಗಳ ಆಡಬಹುದಲ್ಲ. 2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ಹೋದ ಸುದ್ದಿ ಬಂದಾಗ ಎಲ್ಲ ಕಡೆ ಅವರ ಬೇರೆ ಬೇರೆ ಹಾಡು ಹಾಕುತ್ತಿದ್ದರು. ನಾನು ಇದನ್ನು ಹಾಕಿಕೊಂಡೆ.

ಟೇಪು ಈಗ ಹಾಡುವುದಿಲ್ಲ. ಬೂಷ್ಟು ಹಿಡಿದು ಬೆಳ್ಳಗಾಗಿದೆ, ತಿರುಗಿಸಲು ಹೋದರೆ ಅಂಟಿಕೊಳ್ಳುತ್ತದೆ. ಸರಿಮಾಡಿಸಿ ಕಂಪ್ಯೂಟರಿಗೆ ಹಾಕಿಸು ಅಂತ ಮಗಳು ಹೇಳುತ್ತಾಳೆ. ಅದರಲ್ಲಿ ಉಳಿಸಬೇಕಾದ್ದು ಹಾಡಲ್ಲ, ನನ್ನ ಕೆಮ್ಮು ಮತ್ತು ಅಣ್ಣನ ಬೈಗುಳ. ಹೋದ ವಾರ ಅಣ್ಣನಿಗೆ ಇದನ್ನೇ ಹೇಳಿದೆ. “ನಾನೆಲ್ಲಿ ಬೈದಿದ್ದೆ? ಅದು ಅಮ್ಮ ಕಣೇ” ಅಂದ. ಅಮ್ಮನನ್ನು ಕೇಳಿದರೆ, “ಇಬ್ಬರೂ ಸುಳ್ಳು ಹೇಳ್ತೀರಿ, ನನ್ನನ್ನು ಆ ರೂಮಿಗೆ ಬಿಟ್ಟಿದ್ದೇ ಯಾವಾಗ?” ಅಂದರು. ಹಾಗಾಗಿ ಈಗ ಟೇಪು ಸರಿಮಾಡುವವರನ್ನು ಹುಡುಕುತ್ತಿದ್ದೇನೆ. ಬೂಷ್ಟು ತೆಗೆಯುವವರು ಯಾರಾದರೂ ಗೊತ್ತಿದ್ದರೆ ಹೇಳಿ.