ಟಾರ್ಪಾಲಿನ ಬೆವರು

ಮೂಡಿಗೆರೆ ಕಡೆಯ ಡಿಸೆಂಬರ್ ಎಂದರೆ ಚಳಿ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಒದ್ದೆ ಎಂದು ಒಬ್ಬರೂ ಹೇಳುವುದಿಲ್ಲ. ಸ್ವೆಟರು, ಮಂಕಿ ಟೋಪಿ, ಉಣ್ಣೆಯ ಕಾಲುಚೀಲ ಎಲ್ಲವನ್ನೂ ತುಂಬಿಕೊಂಡು ಹೋದ ನಮಗೆ ಅಲ್ಲಿ ಬೇಕಾಗಿದ್ದದ್ದು ನಾಲ್ಕು ಗೋಣಿಚೀಲ.

ದೇವರಮನೆ ಗುಡ್ಡದ ಬಗ್ಗೆ ಬರೆಯುವುದಿಲ್ಲ. ಚೆನ್ನಾಗಿದೆ, ಜನ ಜಾಸ್ತಿ, ಎಲ್ಲರ ಮೊಬೈಲಿನಲ್ಲೂ ಅದರ ಚಿತ್ರ ಇದೆ. ಎತ್ತಿನ ಭುಜ ಶಿಖರವನ್ನು ದೂರದಿಂದಲೇ ನೋಡಿ ಮುಂದೆ ಸಾಗಿದೆವು. ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆಯನ್ನು ಮಾತ್ರ ಹೊಗಳದೆ ಬಿಡಲಾರೆ: ಬಟ್ಟೆಯಂತೆ ಮಡಚಿದ್ದ ತೆಳು ದೋಸೆ, ಪಕ್ಕದಲ್ಲಿ ಖಾರದ ಕಾಯಿಚಟ್ನಿ, ಹೊರಗೆ ಚಾರ್ಮಾಡಿಯಿಂದ ಏರಿ ಬರುವ ಮಂಜು.

ನಾವು ಉಳಿದುಕೊಂಡದ್ದು ಒಂದು ಕಾಫಿ ತೋಟದ ಹೋಂಸ್ಟೇಯಲ್ಲಿ. ಮಗಳ ಹಟಕ್ಕೆ ಕೋಣೆ ಬಿಟ್ಟು ಟೆಂಟು ಆರಿಸಿಕೊಂಡೆವು. ಎರಡು ಕಾಫಿ ಗುಡ್ಡಗಳ ನಡುವಿನ ತಗ್ಗಿನಲ್ಲಿ, ಹಳ್ಳದ ಪಕ್ಕ, ಮಟ್ಟಸವಾದ ಹಸಿರು ಹುಲ್ಲಿನ ಮೇಲೆ ಸಾಲಾಗಿ ಟೆಂಟು ಕಟ್ಟಿದ್ದರು. ಜಾಹೀರಾತಿನ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಟೆಂಟಿನಡಿ ನೀಲಿ ಪ್ಲಾಸ್ಟಿಕ್ ಹಾಸಿದ್ದರು. ಅದು ಟೆಂಟಿಗಿಂತ ಸುತ್ತಲೂ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು. ಒಳಗೆ ಹತ್ತಿಯ ಹಾಸಿಗೆ. ಚಳಿಯೆಂದು ಹುಡುಗನೊಬ್ಬ ಎಲ್ಲ ಜಿಪ್ಪುಗಳನ್ನೂ ಬಿಗಿಯಾಗಿ ಎಳೆದು, "ಬೆಚ್ಚಗಿರುತ್ತದೆ ಮೇಡಂ" ಎಂದು ಹೇಳಿ ಹೋದ. ಬಾಣಲೆಯಲ್ಲಿ ಕೆಂಡ ತಂದಿಡಲೂ ಸಿದ್ಧನಿದ್ದ. ಬೇಡವೆಂದೆ. ಮುಚ್ಚಿದ ಟೆಂಟಿನಲ್ಲಿ ಕೆಂಡವಿಟ್ಟುಕೊಂಡು ಮಲಗಿದವರು ಕಾರ್ಬನ್ ಮೊನಾಕ್ಸೈಡಿಗೆ ಸಿಕ್ಕಿ ಬೆಳಿಗ್ಗೆ ಏಳದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರಿಗೆ ಈ ಆತಿಥ್ಯ ರುಚಿಸುವುದಿಲ್ಲ.

ನಡುರಾತ್ರಿ ಕಳೆದ ಮೇಲೆ ಮಗಳು ಎಬ್ಬಿಸಿದಳು. "ಅಮ್ಮಾ, ಬೆನ್ನು ಒದ್ದೆ." ಟಾರ್ಚು ಹಾಕಿದರೆ ಒಳಚಾವಣಿಯ ಹೊಲಿಗೆಯುದ್ದಕ್ಕೂ ಹನಿಗಳು ಸಾಲುಗಟ್ಟಿ ನಿಂತಿದ್ದವು. ಬೆರಳು ತಾಗಿದ್ದೇ ತಡ, ಎರಡು ಮೂರು ಕೂಡಿ ಒಂದಾಗಿ ಗೋಡೆಯ ಮೇಲೆ ಜಾರಿ ಮೂಲೆ ಸೇರಿದವು. ಮೂಲೆಯ ನೀರಿಗಿಂತ ಹೆಚ್ಚು ದಿಗಿಲು ಹುಟ್ಟಿಸಿದ್ದು ಹಾಸಿಗೆ. ಅದನ್ನು ಮಗುಚಿ ನೋಡಿದರೆ ಅಡಿಭಾಗ ತೊಯ್ದು ಕಪ್ಪಾಗಿತ್ತು. ಬಾಗಿಲ ಬಳಿ ಏನೂ ಹಾಸದ ಜಾಗ ಮಾತ್ರ ಹೆಚ್ಚುಕಡಿಮೆ ಒಣಗಿಯೇ ಇತ್ತು. ಹೊರಗೆ ಇಣುಕಿದೆ. ಮೋಡದ ತುಣುಕೂ ಇಲ್ಲದ ಆಕಾಶ, ತುಂಬ ನಕ್ಷತ್ರ.

ಬೆಳಿಗ್ಗೆ ಮಾಲೀಕರಿಗೆ ಹೇಳಿದರೆ ಅವರು ನಕ್ಕರು. "ಮಳೆಯೇ ಬಂದಿಲ್ಲವಲ್ಲ ಮೇಡಂ, ಮಗು ನೀರಿನ ಬಾಟಲಿ ಚೆಲ್ಲಿರಬೇಕು." ಮಗಳ ಮುಖ ಕೆಂಪಾಯಿತು. ಅಳುವುದಕ್ಕೂ ಜಗಳಕ್ಕೂ ಸಿದ್ಧಳಾಗಿದ್ದ ಅವಳನ್ನು ಕರೆದುಕೊಂಡು ಕಾಫಿ ಕಣದ ಕಡೆ ನಡೆದೆ.

ಅರೇಬಿಕಾ ಕುಯ್ಲಿನ ಕಾಲ. ಕಣದ ತುಂಬ ಒಣಗಲು ಹಾಕಿದ್ದ ಚೆರ್ರಿಯನ್ನು, ಎಂದರೆ ಕಾಫಿ ಹಣ್ಣನ್ನು, ಉದ್ದುದ್ದ ರಾಶಿಯಾಗಿ ಏರಿ ಕಟ್ಟಿ ಟಾರ್ಪಾಲು ಮುಚ್ಚಿತ್ತು. ಬಿಸಿಲು ಬಿದ್ದು ಬಹಳ ಹೊತ್ತಾಗಿದ್ದರೂ ತೋಟದ ರೈಟರು, ಎಂದರೆ ಆಳುಗಳ ಲೆಕ್ಕ ಮತ್ತು ಕಣದ ಉಸ್ತುವಾರಿ ನೋಡುವವರು, ಸುಮ್ಮನೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಯಾಕೆ ತೆಗೆಯುತ್ತಿಲ್ಲ ಎಂದು ಕೇಳಿದೆ.

"ಮೇಲಿನ ಇಬ್ಬನಿ ಆರಬೇಕಲ್ಲ ಅಕ್ಕ. ಈಗ ಎಳೆದರೆ ಆ ನೀರೆಲ್ಲ ಕಾಫಿಗೇ."

ಟಾರ್ಪಾಲಿನ ಅಂಚೆತ್ತಿ ಒಳಮೈ ತೋರಿಸಿದರು. ಅಲ್ಲೂ ಹನಿ. ನಮ್ಮ ಟೆಂಟಿನ ಚಾವಣಿಯೇ!

"ಇದು ಇಬ್ಬನಿಯಲ್ಲ, ಬೆವರು," ಎಂದರು. ಸಂಜೆ ಕಾಫಿ ಇನ್ನೂ ಬಿಸಿಯಿರುವಾಗಲೇ ಅವಸರದಲ್ಲಿ ಮುಚ್ಚಿದರೆ ಒಳಗಿನ ಹಬೆ ತಣ್ಣನೆಯ ಟಾರ್ಪಾಲಿಗೆ ಬಡಿದು ನೀರಾಗುತ್ತದೆ. ತಡ ಮಾಡಿದರೆ ಇಬ್ಬನಿ ಇಳಿಯುತ್ತದೆ. ನಡುವಿನ ಹೊತ್ತು ನೋಡಿ ಏರಿ ಕಟ್ಟಬೇಕು. ಶೇ. 11ರ ಆಸುಪಾಸಿಗೆ ತೇವ ಇಳಿಯಬೇಕಾದ ಕಾಯಿ ರಾತ್ರಿ ಮತ್ತೆ ನೀರು ಕುಡಿದರೆ ಹಗಲಿನ ದುಡಿಮೆ ವ್ಯರ್ಥ, ಬೂಷ್ಟು ಬೇರೆ.

ನಮ್ಮ ಹಾಸಿಗೆಯ ಕಥೆ ಹೇಳಿದೆ. ಮುಚ್ಚಿದ ಕಡೆಯೇ ಹೆಚ್ಚು ಒದ್ದೆಯಾಗಿತ್ತು ಎಂದಾಗ ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ಆಗದೆ ಇನ್ನೇನು? ಮೈಯ ಬಿಸಿ ಹಬೆಯನ್ನು ಹತ್ತಿಯೊಳಗಿಂದ ಕೆಳಕ್ಕೆ ತಳ್ಳುತ್ತದೆ. ಕೆಳಗೆ ನೆಲ ತಣ್ಣಗೆ. ಅಲ್ಲಿ ಗಾಳಿಯಾಡುವುದಿಲ್ಲ, ಎಲ್ಲಿಗೆ ಹೋಗಬೇಕು ಅದು? ಸಾಲದ್ದಕ್ಕೆ ನೀವು ಮಲಗಿದ್ದು ಗದ್ದೆಯಲ್ಲಿ."

"ಗದ್ದೆಯೇ?"

"ನಾಲ್ಕೈದು ವರ್ಷದಿಂದ ನಾಟಿ ಇಲ್ಲ, ಆಳು ಸಿಗುವುದಿಲ್ಲ. ಮಟ್ಟಸವಾಗಿದೆ ಎಂದು ಹುಲ್ಲು ಬಿಟ್ಟಿದ್ದಾರೆ. ನೀರು ನಿಲ್ಲಲೆಂದೇ ನಮ್ಮ ಅಜ್ಜಂದಿರು ಮಾಡಿದ ಜಾಗ ಅಕ್ಕ, ಅದು."

ಮೇಷ್ಟರಾದ ನಮ್ಮ ಯಜಮಾನರು ಇಲ್ಲಿ ಬಾಯಿ ಹಾಕಿ ಒಂದು ಲೆಕ್ಕ ಒಪ್ಪಿಸಿದರು. 25 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 23 ಗ್ರಾಂ ನೀರಾವಿ ಹೊರಬಲ್ಲದು, 10 ಡಿಗ್ರಿಯದು 9 ಗ್ರಾಂ ಚಿಲ್ಲರೆ. ಮಿಕ್ಕಿದ್ದು ಎಲ್ಲಿ ತಂಪಿದೆಯೋ ಅಲ್ಲಿ ನೀರಾಗಿ ಕೂರುತ್ತದೆ. ಒಬ್ಬೊಬ್ಬರೂ ಉಸಿರಿನಿಂದ, ಚರ್ಮದಿಂದ ರಾತ್ರಿಯಲ್ಲಿ ಕಾಲು ಲೀಟರಿನಷ್ಟು ನೀರು ಬಿಡುತ್ತೇವಂತೆ. ಮೂವರು, ಎಲ್ಲ ಜಿಪ್ಪೂ ಭದ್ರ. ರೈಟರು ಗೌರವದಿಂದ ಕೇಳಿಸಿಕೊಂಡು, "ಮೇಲೆ ಸಿಲ್ವರ್ ಓಕ್ ಸಾಲಿನಡಿಗೆ ಕಿತ್ತುಕೊಂಡು ಹೋಗಿ," ಎಂದಷ್ಟೇ ಹೇಳಿದರು. ರಾತ್ರಿ ತಣ್ಣನೆಯ ಗಾಳಿ ಗುಡ್ಡದಿಂದ ಇಳಿದು ತಗ್ಗಿನಲ್ಲಿ ತಂಗುತ್ತದೆ, ಮರದಡಿ ಇಬ್ಬನಿ ಕಡಿಮೆ.

ಮಧ್ಯಾಹ್ನ ಎಲ್ಲಿಗೋ ಹೋಗಬೇಕೆಂದಿದ್ದೆವು, ಹೋಗಲಿಲ್ಲ. ರೈಟರ ಜೊತೆ ಟೆಂಟು ಎತ್ತುವುದರಲ್ಲೇ ಹೊತ್ತು ಕಳೆಯಿತು. ಮೊದಲು ಒದ್ದೆ ತರಗೆಲೆ ಗುಡಿಸಿದರು. ನೀಲಿ ಪ್ಲಾಸ್ಟಿಕ್ಕಿನ ಅಂಚನ್ನು ಕಾಣದಂತೆ ಟೆಂಟಿನಡಿಗೇ ಮಡಚಿದರು. ಹೊರಗೆ ಚಾಚಿದರೆ ಹೊರಹೊದಿಕೆಯಿಂದ ಇಳಿಯುವ ಇಬ್ಬನಿಯನ್ನು ಅದೇ ಹಿಡಿದು ತಳಕ್ಕೆ ಸಾಗಿಸುತ್ತದೆ. ಹೊರಹೊದಿಕೆಯ ಹಗ್ಗಗಳನ್ನು ಬಿಗಿದು ಒಳಪದರಕ್ಕೆ ತಾಗದಂತೆ ಮಾಡಿದರು. ಒಳಗೆ ಗೋಣಿತಾಟು, ಮೇಲೆ ಹೋಂಸ್ಟೇಯವರು ಯೋಗಕ್ಕೆಂದು ಇಟ್ಟಿದ್ದ ಫೋಮ್ ಚಾಪೆ. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆವು, ಒಳಗೆ ತರಲಿಲ್ಲ. ಒದ್ದೆ ಕಾಲುಚೀಲ, ಟವೆಲ್ಲು ಎಲ್ಲ ಹೊರಗೆ. ಬಾಗಿಲ ಮೇಲರ್ಧವನ್ನೂ ಎದುರುಗಡೆಯ ಕಿಟಕಿಯನ್ನೂ ಬಲೆಯಷ್ಟೇ ಉಳಿಸಿ ತೆರೆದಿಟ್ಟೆವು. ಚಳಿಯಾಯಿತು, ನಿಜ. ಕಂಬಳಿ ಒಂದು ಹೆಚ್ಚು ಹೊದ್ದರೆ ಅದಕ್ಕೆ ಮದ್ದಿದೆ, ಒದ್ದೆ ಬೆನ್ನಿಗೆ ಇಲ್ಲ. ಬೆಳಿಗ್ಗೆ ಚಾವಣಿಯಲ್ಲಿ ತುಸು ಪಸೆ ಇತ್ತು. ಗೋಣಿಯ ಅಡಿ ಮುಟ್ಟಿದರೆ ತಂಪು, ಅಷ್ಟೇ.

ನೀರು ಮೇಲಿಂದಲೋ ಕೆಳಗಿಂದಲೋ ಎಂಬ ಸಂಶಯ ಬಂದರೆ, ಚಾಪೆಯಡಿ ಟೆಂಟಿನ ನೆಲದ ಮೇಲೆ ಪ್ಲಾಸ್ಟಿಕ್ ಚೀಲವೊಂದನ್ನು ಬಿಡಿಸಿ ಇಡಬೇಕಂತೆ. ಬೆಳಿಗ್ಗೆ ಅದರ ಮೇಲ್ಮೈ ಒದ್ದೆಯಾಗಿದ್ದರೆ ನಮ್ಮದೇ ಹಬೆ, ಅಡಿ ಒದ್ದೆಯಾಗಿದ್ದರೆ ನೆಲದ್ದು. ಇದು ಯಜಮಾನರ ಸಲಹೆ. ಈ ಒಂದನ್ನು ರೈಟರೂ ಮೆಚ್ಚಿದರು.

ಹೊರಡುವಾಗ ಬಿಲ್ಲು ಬಂತು. ಕೊನೆಯ ಸಾಲು: ಹಾಸಿಗೆ ಒದ್ದೆ ಮಾಡಿದ್ದಕ್ಕೆ 300 ರೂಪಾಯಿ. ಜಗಳ ಬೇಡವೆಂದು ಯಜಮಾನರು ಆಗಲೇ ಪರ್ಸಿಗೆ ಕೈ ಹಾಕಿದ್ದರು. ನಾನು ಮಾಲೀಕರನ್ನು ಗದ್ದೆಯ ತನಕ ನಡೆಸಿಕೊಂಡು ಹೋಗಿ, ಯಾರೂ ಮಲಗಿರದ ಟೆಂಟೊಂದರ ನೀಲಿ ಪ್ಲಾಸ್ಟಿಕ್ ಎತ್ತಿದೆ. ಅಡಿಮೈಯಿಂದ ನೀರು ತೊಟ್ಟಿಕ್ಕಿತು. "ಇಲ್ಲಿ ಯಾವ ಮಗು ಬಾಟಲಿ ಚೆಲ್ಲಿತು?" ಎಂದು ನಾನು ಕೇಳುವ ಮೊದಲೇ ಮಗಳು ಕೇಳಿಬಿಟ್ಟಳು. ಅವರು ಮಾತಾಡದೆ ಆ ಸಾಲನ್ನು ಹೊಡೆದು ಹಾಕಿದರು. ಹಿಂದಿನ ಸಂಜೆ ರೈಟರಿಗೂ ಸೇರಿಸಿ ತರಿಸಿಕೊಂಡಿದ್ದ ಹೆಚ್ಚುವರಿ ಕಾಫಿಗೆ ಮಾತ್ರ ಲೋಟಕ್ಕೆ 40 ರೂಪಾಯಿ ಬಿಡಲಿಲ್ಲ. ಕೊಟ್ಟೆವು. ಕಾಫಿ ಚೆನ್ನಾಗಿತ್ತು.