ಎಚ್‌ಎಸ್‌ಎಂ ಕಾರ್ಡಿನ ಡ್ರೈವರ್: ಕರ್ನಲ್ ಬದಲಾದರೂ ಕೈಕೊಡದಂತೆ

ಆಧಾರ್ ಡೇಟಾ ವಾಲ್ಟ್ ಇರಲಿ, ಡಿಜಿಟಲ್ ಸಹಿಯ ಸರ್ವರ್ ಇರಲಿ, ಲಿನಕ್ಸ್‌ನಲ್ಲಿ ಪಿಸಿಐಇ ಎಚ್‌ಎಸ್‌ಎಂ (ಗುಪ್ತ ಕೀಗಳನ್ನು ಭದ್ರವಾಗಿಡುವ ಸಾಧನ) ಕಾರ್ಡಿನ ಡ್ರೈವರ್ ಹಾಕಿದ ದಿನವೇ ಕೈಕೊಡುವುದು ಅಪರೂಪ. ಪ್ಯಾಚಿಂಗ್ ಮುಗಿಸಿ ರೀಬೂಟ್ ಮಾಡಿದಾಗ ಕೈಕೊಡುತ್ತದೆ. ಹೊಸ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಮಾಡ್ಯೂಲ್, ಅಂದರೆ ಅದಕ್ಕೆ ಸೇರುವ ಡ್ರೈವರ್ ತುಣುಕು, ಬಿಲ್ಡ್ ಆಗಿರುವುದಿಲ್ಲ, ಅಪ್ಲಿಕೇಶನ್ ಕಾರ್ಡನ್ನು ತಲುಪುವ ಡಿವೈಸ್ ಫೈಲ್ ಕಾಣುವುದಿಲ್ಲ, ಸಹಿ ಹಾಕುವ ಕೆಲಸವೆಲ್ಲ ನಿಂತುಬಿಡುತ್ತದೆ.

ಮೊದಲು ಎಲ್‌ಎಸ್‌ಪಿಸಿಐ (ಪಿಸಿಐ ಕಾರ್ಡ್‌ಗಳ ಪಟ್ಟಿ ಕೊಡುವ ಕಮಾಂಡ್) ಓಡಿಸಿ. ಕಾರ್ಡ್ ಅಲ್ಲೇ ಕಾಣದಿದ್ದರೆ ತೊಂದರೆ ಕಾರ್ಡ್, ಸ್ಲಾಟ್ ಅಥವಾ ಬಯಾಸ್ ಸೆಟ್ಟಿಂಗ್‌ನಲ್ಲಿದೆ, ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. ಹಾಗಂತ ತಕ್ಷಣ ಕಾರ್ಡ್ ಕಿತ್ತು ಬೇರೆ ಸ್ಲಾಟ್‌ಗೆ ಹಾಕಬೇಡಿ. ಕೆಲವು ಮಾದರಿಗಳು ಸ್ಲಾಟ್‌ನಿಂದ ಕಿತ್ತದ್ದನ್ನೇ ಟ್ಯಾಂಪರ್ (ಅಕ್ರಮವಾಗಿ ಕೈಯಾಡಿಸಿದ್ದು) ಎಂದು ದಾಖಲಿಸಿಕೊಳ್ಳುತ್ತವೆ. ಕೀಗಳ ಬ್ಯಾಕಪ್ ಇದೆ ಎಂದು ಖಚಿತವಾಗುವವರೆಗೆ ಕಾರ್ಡಿಗೆ ಕೈ ಹಾಕಲೇಬಾರದು.

ಬಿಲ್ಡ್‌ಗೆ ಬೇಕಾದ ಕರ್ನಲ್ ಹೆಡರ್‌ಗಳು (ಕರ್ನಲ್‌ನ ಘೋಷಣೆಗಳಿರುವ ಫೈಲ್‌ಗಳು) ಯುನೇಮ್ ಕಮಾಂಡ್ ತೋರಿಸುವ ಆವೃತ್ತಿಗೆ ಅಕ್ಷರಶಃ ಹೊಂದಬೇಕು. ಕಂಪೈಲರ್ ಕೂಡ ಅಷ್ಟೇ ಮುಖ್ಯ. ಉಬುಂಟು 22.04ರಲ್ಲಿ ಸಹಜವಾಗಿ ಸಿಗುವುದು ಜಿಸಿಸಿ 11. ಆದರೆ ಅದರ 6.5 ಎಚ್‌ಡಬ್ಲ್ಯುಇ (ಹೊಸ ಹಾರ್ಡ್‌ವೇರ್‌ಗಾಗಿ ಕೊಡುವ) ಕರ್ನಲ್ ಬಿಲ್ಡ್ ಆಗಿರುವುದು ಜಿಸಿಸಿ 12ರಲ್ಲಿ. ಅದನ್ನೂ ಹಾಕದಿದ್ದರೆ ಗುರುತಿಲ್ಲದ ಕಂಪೈಲರ್ ಆಯ್ಕೆ ಎಂಬ ದೋಷ ಬಂದು ಬಿಲ್ಡ್ ನಿಲ್ಲುತ್ತದೆ.

ಹಳೆಯ ಡ್ರೈವರ್ ಸೋರ್ಸ್ ಆದರೆ ಇನ್ನೊಂದು ತೊಡಕಿದೆ. ಡಿವೈಸ್ ಫೈಲ್ ಸೃಷ್ಟಿಸಲು ಬಳಸುವ ಕ್ಲಾಸ್ ಕ್ರಿಯೇಟ್ ಫಂಕ್ಷನ್ ಕರ್ನಲ್ 6.3ರವರೆಗೆ ಎರಡು ಆರ್ಗ್ಯುಮೆಂಟ್ ಕೇಳುತ್ತಿತ್ತು; 6.4ರಿಂದ ಒಂದೇ. ಕರ್ನಲ್ ಆವೃತ್ತಿ ನೋಡಿ ಕವಲೊಡೆಯುವ ಸೋರ್ಸ್ ಉಬುಂಟುವಿನಲ್ಲಿ ದಾಟಿಕೊಳ್ಳುತ್ತದೆ, ರೆಡ್ ಹ್ಯಾಟ್ 9.4ರಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ಕರ್ನಲ್‌ನ ಸಂಖ್ಯೆ 5.14 ಎಂದೇ ಇದ್ದರೂ ಈ ಬದಲಾವಣೆ ಒಳಗೆ ಬಂದಿದೆ. ಸೋರ್ಸನ್ನು ನೀವೇ ತಿದ್ದುವ ಬದಲು ತಯಾರಕರಿಂದ ಹೊಸ ಡ್ರೈವರ್ ಕೇಳಿ. ಸಹಿ ಹಾಕುವ ಸರ್ವರ್‌ನಲ್ಲಿ ಬೆಂಬಲವಿಲ್ಲದ ಮಾಡ್ಯೂಲ್ ಓಡಿಸುವುದು ತರವಲ್ಲ.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಕೋಡ್ ಮಾತ್ರ ಓಡಲು ಬಿಡುವ ವ್ಯವಸ್ಥೆ) ಆನ್ ಇದ್ದು ಮಾಡ್ಯೂಲ್‌ಗೆ ಅದು ನಂಬುವ ಸಹಿ ಇಲ್ಲದಿದ್ದರೆ ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್ ಮಾಡ್‌ಪ್ರೋಬ್ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎನ್ನುತ್ತದೆ. ಕಾರ್ಡಿನೊಳಗಿನ ಕೀ ಹಾಳಾಯಿತೆಂದು ಗಾಬರಿ ಬೇಡ. ಇದು ಮಾಡ್ಯೂಲ್‌ನ ಸಹಿಗೆ ಸಂಬಂಧಿಸಿದ ಮಾತು. ಡಿಕೆಎಂಎಸ್ (ಪ್ರತಿ ಹೊಸ ಕರ್ನಲ್‌ಗೂ ಮಾಡ್ಯೂಲನ್ನು ತಾನೇ ಬಿಲ್ಡ್ ಮಾಡುವ ವ್ಯವಸ್ಥೆ) ಸಹಿಗೆ ಬಳಸುವ ಸರ್ಟಿಫಿಕೇಟನ್ನು ಮೋಕ್‌ಯುಟಿಲ್ ಕಮಾಂಡ್‌ನಿಂದ ಇಂಪೋರ್ಟ್ ಮಾಡಿ, ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಬೇಕು. ಬೂಟ್ ಆಗುವಾಗ ನೀಲಿ ಪರದೆ ಹತ್ತು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀಲಿ ಒತ್ತಿ, ಎನ್‌ರೋಲ್ ಮೋಕ್ (ಸರ್ಟಿಫಿಕೇಟ್ ನೋಂದಣಿ) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಎಸ್‌ಎಸ್‌ಎಚ್‌ನಲ್ಲಿ ಈ ಪರದೆ ಬರುವುದೇ ಇಲ್ಲ. ಐಲೋ ಅಥವಾ ಐಡ್ರಾಕ್ (ಸರ್ವರ್‌ನ ಪರದೆಯನ್ನೇ ದೂರದಿಂದ ತೋರಿಸುವ ಸೌಲಭ್ಯ) ಕನ್ಸೋಲ್ ತೆರೆದಿಟ್ಟುಕೊಂಡೇ ರೀಬೂಟ್ ಕೊಡಿ.

ಮುಂದೆ ಪ್ರತಿ ಪ್ಯಾಚಿಂಗ್‌ನಲ್ಲೂ ರೀಬೂಟ್‌ಗೆ ಮೊದಲೇ ಎರಡು ಪರೀಕ್ಷೆ ಮಾಡಿ. ಡಿಕೆಎಂಎಸ್ ಸ್ಟೇಟಸ್‌ನಲ್ಲಿ ಹೊಸ ಕರ್ನಲ್ ಎದುರು ‘ಇನ್‌ಸ್ಟಾಲ್ಡ್’ ಎಂದಿರಬೇಕು. ಮಾಡ್ಯೂಲ್‌ನ ವಿವರ ತೋರಿಸುವ ಮಾಡ್‌ಇನ್ಫೋಗೆ ಹೈಫನ್ ಕೆ ಜೊತೆ ಹೊಸ ಕರ್ನಲ್‌ನ ಹೆಸರು ಕೊಟ್ಟಾಗ ವರ್ಮ್ಯಾಜಿಕ್ (ಯಾವ ಕರ್ನಲ್‌ಗೆ ಬಿಲ್ಡ್ ಆಗಿದೆ ಎಂಬ ಗುರುತು) ಅದೇ ಕರ್ನಲ್‌ನದ್ದಾಗಿ, ಸೈನರ್ (ಸಹಿ ಹಾಕಿದವರು) ನಿಮ್ಮ ಸರ್ಟಿಫಿಕೇಟ್‌ನ ಹೆಸರಾಗಿ ಬರಬೇಕು. ಒಂದು ತಪ್ಪಿದರೂ ರೀಬೂಟ್ ಮುಂದೂಡಿ.

ಮಾಡ್ಯೂಲ್ ಲೋಡ್ ಆಗಿಯೂ ಅಪ್ಲಿಕೇಶನ್‌ಗೆ ‘ಪರ್ಮಿಶನ್ ಡಿನೈಡ್’ ಬಂದರೆ ಯುಡೆವ್ ರೂಲ್ (ಡಿವೈಸ್ ಫೈಲ್‌ನ ಅನುಮತಿ ನಿರ್ಧರಿಸುವ ನಿಯಮ) ನೋಡಿ. ಡಿವೈಸ್ ಫೈಲ್‌ಗೆ 666 (ಎಲ್ಲರಿಗೂ ಓದು-ಬರಹದ ಅನುಮತಿ) ಕೊಟ್ಟರೆ ಆ ಕ್ಷಣಕ್ಕೆ ಕೆಲಸ ನಡೆಯುತ್ತದೆ, ಆದರೆ ಸರ್ವರ್‌ನ ಪ್ರತಿ ಪ್ರೋಸೆಸ್‌ಗೂ ಕಾರ್ಡಿನ ಬಾಗಿಲು ತೆರೆದಂತೆ. ಎಚ್‌ಎಸ್‌ಎಂಗೆಂದೇ ಒಂದು ಗ್ರೂಪ್ ಮಾಡಿ, ರೂಲ್‌ನಲ್ಲಿ ಆ ಗ್ರೂಪ್‌ನ ಹೆಸರನ್ನೂ 660 (ಮಾಲೀಕ ಮತ್ತು ಗ್ರೂಪ್‌ಗೆ ಮಾತ್ರ ಅನುಮತಿ) ಅನ್ನೂ ಕೊಟ್ಟು, ಅಪ್ಲಿಕೇಶನ್‌ನ ಯೂಸರನ್ನು ಮಾತ್ರ ಆ ಗ್ರೂಪ್‌ಗೆ ಸೇರಿಸಿ.